ಟಗರಿನ ತಲೆ ಉಳಿಯಿತು, ಎಡಗಿವಿ ಉಳಿಯಲಿಲ್ಲ: ಬೇಸಿಗೆಯಲ್ಲಿ ಸತ್ತ ಪ್ರಾಣಿಯ ಚರ್ಮ ಕಾಪಾಡುವ ಬಗ್ಗೆ ಒಂದು ಪ್ರಕರಣ

ಮೇ ತಿಂಗಳು, ಬೆಳಗಿನ 5.40. ಚಿತ್ರದುರ್ಗ ಮತ್ತು ಹಿರಿಯೂರಿನ ನಡುವೆ ರಾಷ್ಟ್ರೀಯ ಹೆದ್ದಾರಿ 48ನ್ನು ದಾಟುತ್ತಿದ್ದ ಕುರಿ ಹಿಂಡಿಗೆ ಲಾರಿ ತಾಗಿತು. ಹಿಂಡಿನ ಬೀಜದ ಟಗರಿಗೆ ಸೊಂಟ ಮುರಿಯಿತು. ನಾಲ್ಕು ವರ್ಷದ ಕರಿ ಡೆಕ್ಕನಿ ಟಗರು ಅದು. ಬಾಗಿದ ಮೂಗು, ಸುತ್ತಿಕೊಂಡ ಕೊಂಬು. ಬದುಕುವುದಿಲ್ಲ ಎಂದು ಗೊತ್ತಾದಾಗ ಕುರಿಗಾಹಿ ರೂಢಿಯಂತೆ ಗಂಟಲು ಕೊಯ್ದರು. 6.10ಕ್ಕೆ ಅದನ್ನು ಟ್ರ್ಯಾಕ್ಟರ್ ಟ್ರೇಲರ್‌ಗೆ ಎಡಮಗ್ಗುಲಾಗಿ ಹಾಕಿ, ಮೇಲೆ ತಾಡಪಾಲು ಮುಚ್ಚಿದರು. ಟ್ರೇಲರ್ ಊರು ಸೇರಿದ್ದು 7.30ಕ್ಕೆ.

ಮನೆಯ ಹಿರಿಯರು "ಅದ್ರ ತಲೆ ಒಂದಾದ್ರೂ ಮನ್ಯಾಗೆ ಇರ್ಲಪ್ಪ" ಅಂದದ್ದು ಆಮೇಲೆ. ತಲೆ, ಕತ್ತು, ಭುಜ ಸೇರಿಸಿ ಗೋಡೆಗೆ ಹಾಕುವಂತೆ ಟ್ಯಾಕ್ಸಿಡರ್ಮಿ (ಚರ್ಮವನ್ನು ಕೆಡದಂತೆ ಉಳಿಸಿ, ಅಚ್ಚಿನ ಮೇಲೆ ಹೊದಿಸಿ ಪ್ರಾಣಿಯ ರೂಪ ಕೊಡುವ ಕೆಲಸ) ಮಾಡಿಸುವ ತೀರ್ಮಾನವಾದಾಗ 8 ಗಂಟೆ ದಾಟಿತ್ತು. ಕೆಲಸ ಮಾಡುವಾಗ ಚರ್ಮದಲ್ಲಿ ಮೂರು ಕುಂದುಗಳು ಕಂಡವು: ಎಡಗಿವಿಯ ಕೂದಲು ಪೂರ್ತಿ ಹೋಗಿತ್ತು, ಎಡಗೆನ್ನೆಯಲ್ಲಿ ಅರ್ಧ ಅಂಗೈಯಷ್ಟು ಜಾಗ ಬೋಳಾಗಿತ್ತು, ಗಂಟಲಲ್ಲಿ ಅಡ್ಡ ಕೊಯ್ತ ಇತ್ತು. ಮೂರೂ ಆದದ್ದು ಮೊದಲ ಒಂದು ದಿನದೊಳಗೆ. ಯಾವ ಗಳಿಗೆಯಲ್ಲಿ, ಯಾಕೆ ಆಯಿತು ಎಂಬುದನ್ನು ಒಂದೊಂದಾಗಿ ಬಿಡಿಸುವುದೇ ಈ ಬರಹದ ಕೆಲಸ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಟಗರು ಸಾಕುಪ್ರಾಣಿ, ಅದರ ತಲೆ ಇಟ್ಟುಕೊಳ್ಳಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಿಲ್ಲ. ಕಾಡುಪ್ರಾಣಿಯ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಅದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕಾರಿಗೆ ತಿಳಿಸಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆ ರಸ್ತೆ ಬದಿ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ) ಸತ್ತು ಬಿದ್ದಿದ್ದರೆ ಕತ್ತಿ ತೆಗೆಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಿದ್ದ ನವಿಲುಗರಿ ಮನೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಜಿಂಕೆ ಕೊಂಬು ತಂದಿಟ್ಟುಕೊಂಡು ಕೇಸು ಹಾಕಿಸಿಕೊಂಡವರಿದ್ದಾರೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಇಲ್ಲಿ ಸಾವಿಗೆ ಕಾರಣ ಕಣ್ಣೆದುರಿಗಿತ್ತು. ಕಾರಣವೇ ಇಲ್ಲದೆ ದಿಢೀರನೆ ಸತ್ತ ಕುರಿಯನ್ನು, ಅದರಲ್ಲೂ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿರುವುದನ್ನು, ಪಶುವೈದ್ಯರು ನೋಡುವ ತನಕ ಮುಟ್ಟಕೂಡದು. ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಆಗಿರಬಹುದು. ಅಂಥ ಹೆಣವನ್ನು ಕೊಯ್ದರೆ ರೋಗಾಣು ಗಾಳಿ ಸೋಕಿ ಬೀಜಾಣುಗಳಾಗುತ್ತದೆ, ಆ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಸಾಯದೆ ಉಳಿಯುತ್ತವೆ. ಸುಲಿಯುವ ಕೈಗೇ ಮೊದಲ ಹುಣ್ಣು. ಹೆಣ ಚೆನ್ನಾಗಿದ್ದರೂ ಕೈಗೆ ರಬ್ಬರ್ ಗ್ಲೌಸ್ ಇರಲಿ.

ಇನ್ನು ಚರ್ಮದ ವಿಷಯ. ಕೂದಲು ನಿಂತಿರುವುದು ಚರ್ಮದ ಮೇಲಿನ ತೆಳು ಪೊರೆಯ ಹಿಡಿತದಲ್ಲಿ. ಪ್ರಾಣ ಹೋದ ಕೂಡಲೇ ಆ ಪೊರೆಗೂ ಅದರ ಕೆಳಗಿನ ದಪ್ಪ ಪದರಕ್ಕೂ ಇರುವ ಅಂಟು ಸಡಿಲವಾಗತೊಡಗುತ್ತದೆ. ಒಂದು ಕಡೆಯಿಂದ ಚರ್ಮದೊಳಗಿನ ಕಿಣ್ವಗಳು, ಇನ್ನೊಂದು ಕಡೆಯಿಂದ ಬ್ಯಾಕ್ಟೀರಿಯಾ. ಎರಡಕ್ಕೂ ಬೇಕಾದದ್ದು ಬಿಸಿ ಮತ್ತು ತೇವ. ಕುರಿಯ ಮೈಬಿಸಿ 39 ಡಿಗ್ರಿ. ಉಣ್ಣೆಯ ಹೊದಿಕೆ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕಂಬಳಿಯ ಗುಣ ಬಲ್ಲ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆಯಲ್ಲಿ ಮೇವು ಹುಳಿಯುವುದೂ ಸಾವಿನೊಂದಿಗೆ ನಿಲ್ಲುವುದಿಲ್ಲ, ಆ ಬಿಸಿ ಬೇರೆ. ಸತ್ತ ಟಗರು ತಾನಾಗಿಯೇ ತಣ್ಣಗಾಗುತ್ತದೆ ಎಂದು ಚಿತ್ರದುರ್ಗದ ಬೇಸಿಗೆಯಲ್ಲಿ ನಂಬಿದರೆ ಚರ್ಮ ಹೋದಂತೆಯೇ.

ಎಡಗೆನ್ನೆ ಕೆಟ್ಟದ್ದು ಹೀಗೆ. 6.10ರಿಂದ 8.15ರವರೆಗೆ, ಎರಡು ತಾಸಿಗೂ ಹೆಚ್ಚು, ಟಗರು ಎಡಮಗ್ಗುಲಲ್ಲೇ ಇತ್ತು. ತಲೆಯ ಭಾರವೆಲ್ಲ ಎಡಗೆನ್ನೆಯ ಮೇಲೆ, ಅದರಡಿ ಬಿಸಿಲೇರಿದಂತೆ ಕಾಯುತ್ತಿದ್ದ ಟ್ರೇಲರ್‌ನ ತಗಡು. ಕೊಯ್ದ ಗಂಟಲಿನ ರಕ್ತ ಅದೇ ಮಗ್ಗುಲಿಗೆ ಹರಿದು ಉಣ್ಣೆಯಲ್ಲಿ ನಿಂತಿತ್ತು. ರಕ್ತಕ್ಕಿಂತ ಒಳ್ಳೆಯ ಊಟ ಬ್ಯಾಕ್ಟೀರಿಯಾಕ್ಕೆ ಇನ್ನೊಂದಿಲ್ಲ. ತಾಡಪಾಲು ಗಾಳಿಯನ್ನೂ ತಡೆದಿತ್ತು. ಬಿಸಿ, ಒತ್ತಡ, ರಕ್ತ ಮೂರೂ ಒಂದೇ ಜಾಗದಲ್ಲಿ ಸೇರಿದ್ದವು. ಬಲಗೆನ್ನೆಗೆ ಅದೇ ಹೊತ್ತಿನಲ್ಲಿ ಏನೂ ಆಗಲಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಟ್ರೇಲರ್‌ಗೆ ಒಂದು ಗೇಣು ಒಣ ಹುಲ್ಲು ಹಾಸಿ, ಅರ್ಧ ದಾರಿಯಲ್ಲಿ ಒಮ್ಮೆ ಮಗ್ಗುಲು ಬದಲಿಸಿ, ತಾಡಪಾಲನ್ನು ಮೈಗೆ ತಾಗದಂತೆ ಚಪ್ಪರದ ಹಾಗೆ ಎತ್ತಿ ಕಟ್ಟಬೇಕಿತ್ತು. ಅದಕ್ಕೂ ಮೊದಲು, ಹೊಡೆತ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆದಿದ್ದರೆ ಅರ್ಧ ಗೆದ್ದಂತೆ. ಹೊಟ್ಟೆಯ ಸೀಳು ಎದೆಮೂಳೆಯ ಕೆಳಗೇ ನಿಲ್ಲಬೇಕು. ಮಾಂಸಕ್ಕಾಗಿ ಕೊಯ್ಯುವವರು ರೂಢಿಯ ಮೇಲೆ ಅದನ್ನು ಗಂಟಲ ತನಕ ಎಳೆದುಬಿಡುತ್ತಾರೆ, ಆಗ ಎದೆಯ ಮುಂಭಾಗವೇ ಹಾಳು. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರು ಸಿಕ್ಕರೆ ಎದೆಗೂಡಿನೊಳಗೆ ನಾಲ್ಕು ಬಾಟಲಿ ಇಡಬಹುದು. ಬಿಡಿ ಐಸ್ ಹಾಕಬಾರದು, ಕರಗಿದ ನೀರು ಚರ್ಮವನ್ನು ನೆನೆಸುತ್ತದೆ.

ಗಂಟಲಿನ ಕೊಯ್ತಕ್ಕೆ ಯಾರನ್ನೂ ದೂರುವಂತಿಲ್ಲ, ನರಳುತ್ತಿದ್ದ ಪ್ರಾಣಿಗೆ ಮಾಡಬೇಕಾದದ್ದನ್ನೇ ಮಾಡಿದ್ದಾರೆ. ಕೊಯ್ತ 14 ಸೆಂಟಿಮೀಟರ್ ಅಗಲವಿತ್ತು. ಒಳಮಗ್ಗುಲಿನಿಂದ ಮೇಣ ಹಚ್ಚಿದ ದಾರದಲ್ಲಿ ಒತ್ತೊತ್ತಾಗಿ ಹೊಲಿದರೆ ಉಣ್ಣೆ ಅದನ್ನು ಮುಚ್ಚಿಕೊಳ್ಳುತ್ತದೆ. ಮೂರು ಕುಂದುಗಳಲ್ಲಿ ಇದೇ ಹಗುರಾದದ್ದು. ಗಿಡ್ಡ ಕೂದಲಿನ ಮೇಕೆಯಾಗಿದ್ದರೆ ಹೊಲಿಗೆ ಎದ್ದು ಕಾಣುತ್ತಿತ್ತು.

8.15ಕ್ಕೆ ಊರಿನಲ್ಲಿ ಕೆಲಸ ಶುರುವಾಯಿತು. ಸುಲಿಯಲು ಬಂದವರು ನುರಿತವರು, ಹತ್ತು ನಿಮಿಷದಲ್ಲಿ ಕುರಿ ಸುಲಿಯಬಲ್ಲವರು. ತೊಡಕು ಇದ್ದದ್ದು ಅಲ್ಲೇ. ನಮ್ಮ ಕಡೆಯ ಸುಲಿತದ ಕೈಚಳಕವೆಲ್ಲ ಚರ್ಮದ ವ್ಯಾಪಾರಿಗಾಗಿ ಬೆಳೆದದ್ದು. ಅವನಿಗೆ ಬೇಕಾದದ್ದು ಮೈಚರ್ಮ. ತಲೆಯ ಚರ್ಮ ಅವನ ಲೆಕ್ಕಕ್ಕಿಲ್ಲ, ಕಿವಿ, ರೆಪ್ಪೆ, ತುಟಿಯನ್ನು ಯಾರೂ ಉಳಿಸುವುದಿಲ್ಲ. ಟ್ಯಾಕ್ಸಿಡರ್ಮಿಗೆ ಬೇಕಾದದ್ದು ಸರಿಯಾಗಿ ಅದೇ ಮೂರು. ಬೇಟೆಯ ಕಾಲದಲ್ಲಿ ಈ ತಿಳಿವಳಿಕೆ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಂಥ ಕಡೆ ಇತ್ತು. ಬೇಟೆ ನಿಂತಿತು, 1990ರ ದಶಕದ ಕೊನೆಗೆ ಆ ಕಾರ್ಖಾನೆಯೂ ಮುಚ್ಚಿತು. ಹೀಗಾಗಿ ಸುಲಿಯುವವರ ಪಕ್ಕದಲ್ಲಿ ನಿಂತು ಎಲ್ಲಿ ಕತ್ತಿ ಹಾಕಬೇಕು ಎಂದು ತೋರಿಸುವುದು ಅನಿವಾರ್ಯ.

ಸೀಳುಗಳು ಹೀಗಿರಬೇಕು. ಮುಂಗಾಲಿನಿಂದ ನಾಲ್ಕು ಬೆರಳು ಹಿಂದೆ ಎದೆಯ ಸುತ್ತ ಬಳೆಯಂತೆ ಒಂದು. ಮುಂಗಾಲಿನ ಮೊಣಕಾಲಿನ ಸುತ್ತ ಒಂದು. ಮೊಣಕಾಲಿನಿಂದ ಕಾಲಿನ ಹಿಂಭಾಗದಲ್ಲೇ ಮೇಲೇರಿ ಎದೆಯ ಬಳೆಯನ್ನು ಕೂಡುವ ಒಂದು. ಆಮೇಲೆ ಬೆನ್ನ ಮೇಲೆ, ಹೆಗಲಿನಿಂದ ಕತ್ತಿನ ನಡುಗೆರೆಯಲ್ಲಿ ಕೊಂಬಿನ ಕಡೆಗೆ ಬಂದು, ನೆತ್ತಿಯ ಹಿಂದೆ ಕವಲೊಡೆದು ಎರಡೂ ಕೊಂಬಿನ ಬುಡ ಮುಟ್ಟುವ ಉದ್ದ ಸೀಳು. ಕತ್ತಿಯ ಮೊನೆ ಚರ್ಮದ ಕೆಳಗೆ ಹೊಕ್ಕು ಅಲಗು ಮೇಲ್ಮುಖವಾಗಿರಬೇಕು. ಮೇಲಿನಿಂದ ಒತ್ತಿ ಕೊಯ್ದರೆ ಉಣ್ಣೆ ತುಂಡಾಗಿ, ಹೊಲಿದ ಮೇಲೆ ದಾರಿಯಂತೆ ಕಾಣುತ್ತದೆ. ಭುಜದ ಹಿಂದೆ ಚರ್ಮ ಹೆಚ್ಚಾದರೆ ಕತ್ತರಿಸಬಹುದು, ಕಡಿಮೆಯಾದರೆ ತರುವುದೆಲ್ಲಿಂದ? ಇಲ್ಲಿ ಐದು ಬೆರಳು ಬಿಟ್ಟಿದ್ದರು, ಮುಂದೆ ಅದೇ ಕೈಹಿಡಿಯಿತು.

ಸುಲಿಯುವ ಮುಂಚೆ ಫೋಟೊ ತೆಗೆದದ್ದು ಒಳ್ಳೆಯದಾಯಿತು: ಎದುರಿನಿಂದ, ಎರಡೂ ಮಗ್ಗುಲಿನಿಂದ, ಕಣ್ಣು ಮತ್ತು ಮೂಗಿನ ಹೊಳ್ಳೆ ಹತ್ತಿರದಿಂದ. ಚರ್ಮ ತೆಗೆದ ಮೇಲೆ, ಮಾಂಸ ಇನ್ನೂ ಇರುವಾಗ, ಅಳತೆಗಳು: ಮೂಗಿನ ತುದಿಯಿಂದ ಕಣ್ಣಿನ ಮುಂದಿನ ಮೂಲೆಗೆ 17 ಸೆಂಟಿಮೀಟರ್, ಕಿವಿಯ ಹಿಂದೆ ಕತ್ತಿನ ಸುತ್ತಳತೆ 46, ಕತ್ತಿನ ನಡುವೆ 52, ಬುಡದಲ್ಲಿ 68. ನಮ್ಮ ಡೆಕ್ಕನಿ ಟಗರಿಗೆ ಸಿದ್ಧ ಅಚ್ಚು ಅಂಗಡಿಯಲ್ಲಿ ಸಿಗುವುದಿಲ್ಲ, ಅಚ್ಚನ್ನು ಕೈಯಲ್ಲೇ ಕೆತ್ತಬೇಕು. ಅಳತೆ ಇಲ್ಲದಿದ್ದರೆ ಕತ್ತು ದಪ್ಪವಾಗಿ, ಯಾವುದೋ ಬೇರೆ ಟಗರಾಗಿಬಿಡುತ್ತದೆ. ಇದೇ ಕಾರಣಕ್ಕೆ ತಲೆಬುರುಡೆಯನ್ನು ಗರಗಸದಲ್ಲಿ ಕೊಯ್ದು ಕೊಂಬಿನ ಭಾಗವಷ್ಟೇ ಇಟ್ಟುಕೊಳ್ಳಲಿಲ್ಲ, ಇಡೀ ಬುರುಡೆ ಉಳಿಸಿಕೊಂಡರು. ಆ ಬಾಗಿದ ಮೂಗು ಮೂಳೆಯಲ್ಲಿದೆ, ಚರ್ಮದಲ್ಲಲ್ಲ.

10.15ಕ್ಕೆ ಕತ್ತಿನ ಚರ್ಮ ತಲೆಯ ತನಕ ಬಿಚ್ಚಿತ್ತು. ರಕ್ತ ಹತ್ತಿದ ಉಣ್ಣೆಯನ್ನು ತಣ್ಣೀರಿನಲ್ಲಿ ಬೇಗ ತೊಳೆದು, ಹಿಂಡಿ, ಬೇವಿನ ನೆರಳಿನಲ್ಲಿ ನೇತುಹಾಕಿದರು. ಬಿಸಿನೀರು ಬಳಸಿದರೆ ರಕ್ತ ಉಣ್ಣೆಯಲ್ಲೇ ಬೇಯುತ್ತದೆ. ಅಷ್ಟು ಹೊತ್ತಿಗೆ ನೆರಳಲ್ಲೇ 36 ಡಿಗ್ರಿ. ಕಡೆಯ ಪಕ್ಷ ಈಗ, ಮುಖ ಸುಲಿಯುವ ಮೊದಲೇ, ಬಿಚ್ಚಿದ ಕತ್ತಿನ ಚರ್ಮಕ್ಕೆ ಉಪ್ಪು ಬೀಳಬೇಕಿತ್ತು. ಉಪ್ಪು ತಂದಿರಲಿಲ್ಲ.

ಮುಖದ ಕೆಲಸಕ್ಕೆ ದೊಡ್ಡ ಕತ್ತಿ ಬೇಡ, ಆಪರೇಷನ್ ಬ್ಲೇಡು ಸಾಕು. ಕೊಂಬಿನ ಬುಡದಲ್ಲಿ ಚರ್ಮ ಬಿಗಿಯಾಗಿ ಅಂಟಿರುತ್ತದೆ, ಮೊಂಡು ಸ್ಕ್ರೂಡ್ರೈವರಿನಿಂದ ಮೀಟುತ್ತ ಬಿಡಿಸಬೇಕು. ಕಿವಿಯನ್ನು ಬುರುಡೆಗೆ ಒತ್ತಿ ಬುಡದಲ್ಲಿ ಕತ್ತರಿಸಿ ಚರ್ಮದೊಂದಿಗೇ ಬಿಡಬೇಕು. ಕಣ್ಣಿನ ಹತ್ತಿರ ಬಂದಾಗ ಎಡಗೈಯ ಬೆರಳನ್ನು ಹೊರಗಿನಿಂದ ರೆಪ್ಪೆಯೊಳಗೆ ತೂರಿಸಿ ಎತ್ತಿ ಹಿಡಿದು, ಮೂಳೆಗೆ ಒತ್ತಿ ಕೊಯ್ಯಬೇಕು. ಬೆರಳಿಗೆ ಬ್ಲೇಡು ತಾಗುತ್ತಿದೆ ಎಂದರೆ ರೆಪ್ಪೆ ಕೊಯ್ಯುತ್ತಿದ್ದೀರಿ ಎಂದರ್ಥ. ಕುರಿಗೆ ಕಣ್ಣಿನ ಮುಂದೆ ಮೂಳೆಯಲ್ಲೇ ಒಂದು ಕುಳಿ ಇದೆ, ಅಲ್ಲಿ ಅಂಟು ಸುರಿಸುವ ಗ್ರಂಥಿ. ಚರ್ಮ ಆ ಕುಳಿಯೊಳಕ್ಕೆ ಇಳಿದು ಕೂತಿರುತ್ತದೆ. ಮೇಕೆಯಲ್ಲಿ ಇದಿಲ್ಲ, ಹಾಗಾಗಿ ಮೇಕೆಯ ತಲೆ ಸುಲಿದು ರೂಢಿ ಇರುವವರು ಇಲ್ಲಿ ತಪ್ಪದೆ ತೂತು ಮಾಡುತ್ತಾರೆ. ಇಲ್ಲಿ ಕೊಯ್ಯಬಾರದು, ಸ್ಕ್ರೂಡ್ರೈವರಿನಿಂದ ಕುಳಿಯ ತಳದಿಂದ ಕೆರೆದು ಎತ್ತಬೇಕು. ತುಟಿಯನ್ನು ಒಸಡಿಗೆ ಒತ್ತಿ ಕೊಯ್ದು, ಒಳಪೊರೆ ಎರಡು ಬೆರಳಷ್ಟು ಉಳಿಸಬೇಕು. ಅಚ್ಚಿನ ಬಾಯಿಯ ಸೀಳಿಗೆ ಮಡಚಿ ತುಂಬಲು ಅದೇ ಬೇಕು. ಮೂಗನ್ನು ಮೃದ್ವಸ್ಥಿಯ (ಮೆತ್ತನೆ ಎಲುಬಿನ) ಜೊತೆಗೇ ತೆಗೆದು ಆಮೇಲೆ ತೆಳುಮಾಡಬೇಕು.

ತಲೆಯಿಂದ ಚರ್ಮ ಬೇರೆಯಾದ ಮೇಲೆ ಎಲ್ಲರೂ ಉಸಿರು ಬಿಡುತ್ತಾರೆ. ಕೆಲಸ ಅರ್ಧ ಉಳಿದಿದೆ ಎಂದು ಆಗ ಯಾರಿಗೂ ಅನ್ನಿಸುವುದಿಲ್ಲ. ತುಟಿ ಎರಡು ಪದರ, ಅದನ್ನು ಪುಸ್ತಕದಂತೆ ಸೀಳಿ ಬಿಡಿಸಬೇಕು. ರೆಪ್ಪೆ ಹಾಗೆಯೇ, ಮೂಗೂ ಹಾಗೆಯೇ. ಕಿವಿ ಎಲ್ಲಕ್ಕಿಂತ ಕಷ್ಟ. ಕಿವಿಯೊಳಗೆ ದೊನ್ನೆಯಂಥ ಮೃದ್ವಸ್ಥಿ ಇದೆ, ಅದರ ಎರಡೂ ಕಡೆ ಚರ್ಮ. ಉಪ್ಪು ಮೃದ್ವಸ್ಥಿಯನ್ನು ದಾಟುವುದಿಲ್ಲ. ಬುಡದಿಂದ ಶುರುಮಾಡಿ, ಹಿಂಬದಿಯ ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ಮೊಂಡು ಕಡ್ಡಿ ತೂರಿಸಿ ಸರಿಸುತ್ತ ಸರಿಸುತ್ತ, ಕಾಲುಚೀಲ ಮಗುಚಿದಂತೆ ಕಿವಿಯನ್ನು ಒಳಹೊರಗು ಮಾಡಿ ತುದಿ ಮುಟ್ಟಬೇಕು. ಅಂಚಿನವರೆಗೂ ಬಿಡಿಸಬೇಕು, ಆದರೆ ಅಂಚು ಹರಿಯಬಾರದು. ಒಂದು ಕಿವಿಗೆ ಅರ್ಧ ತಾಸು ಬೇಕು.

ಬಲಗಿವಿ ತುದಿ ತನಕ ಮಗುಚಿತು. ಎಡಗಿವಿಯಲ್ಲಿ ಅರ್ಧ ಬರುವಷ್ಟರಲ್ಲಿ ಕಡ್ಡಿ ಚುಚ್ಚಿ ಕಡಲೆಕಾಳಿನಷ್ಟು ತೂತಾಯಿತು. ಇನ್ನೂ ಹರಿದೀತೆಂದು ಅಲ್ಲಿಗೇ ಬಿಟ್ಟರು. ಆ ತೂತು ಎರಡು ಹೊಲಿಗೆಯ ಮಾತು, ಮುಚ್ಚಿಹೋಗುತ್ತಿತ್ತು. ಬಿಟ್ಟ ಅರ್ಧ ಕಿವಿಯನ್ನು ಯಾವ ಹೊಲಿಗೆಯೂ ಉಳಿಸಲಾರದು. ತೂತಿಗೆ ಹೆದರಿ ಕೈ ಹಿಂದೆಗೆಯುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಕಿವಿಗಳನ್ನು ಕೆಡಿಸುವ ತಪ್ಪು.

ಉಪ್ಪು ಬಿದ್ದದ್ದು ಮಧ್ಯಾಹ್ನ 1.30ಕ್ಕೆ, ಅದೂ ಮನೆಯಲ್ಲಿದ್ದ ಎರಡು ಕಿಲೋ ಕಲ್ಲುಪ್ಪು. ಕಲ್ಲುಪ್ಪಿನ ಹರಳು ಚರ್ಮಕ್ಕೆ ತಾಗುವುದು ಮೊನೆಯಲ್ಲಿ ಮಾತ್ರ, ನಡುನಡುವೆ ಉಪ್ಪಿಲ್ಲದ ಚುಕ್ಕೆಗಳು ಉಳಿಯುತ್ತವೆ. ಬೇಕಾದದ್ದು ಸಕ್ಕರೆಗಿಂತ ಸಣ್ಣ ಕಾಳಿನ ಪುಡಿ ಉಪ್ಪು. ಅಯೋಡಿನ್ ಇಲ್ಲದ್ದು ಸಿಕ್ಕರೆ ಸರಿ, ಇಲ್ಲದಿದ್ದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ. ಲೆಕ್ಕ ಸುಲಭ: ಹಸಿ ಚರ್ಮದ ತೂಕದಷ್ಟೇ ಉಪ್ಪು. ಈ ಚರ್ಮ ಮಾಂಸ ಕೊಬ್ಬು ಕೆರೆದ ಮೇಲೆ 4 ಕಿಲೋ ತೂಗಿತು. ಕಿರಾಣಿ ಅಂಗಡಿಯಿಂದ ಪುಡಿ ಉಪ್ಪು ಬಂದದ್ದು 3 ಗಂಟೆಗೆ. ಕಲ್ಲುಪ್ಪು ಕೊಡವಿ, ಮಾಂಸದ ಮಗ್ಗುಲಿಗೆ 4 ಕಿಲೋ ಪುಡಿ ಸುರಿದು, ಅಂಗೈಯಿಂದ ಉಜ್ಜಿ, ತುಟಿಯ ಸೀಳು, ರೆಪ್ಪೆಯ ಮಡಿಕೆ, ಬಲಗಿವಿಯ ತುದಿಗೆಲ್ಲ ಬೆರಳಿನಿಂದ ಒತ್ತಿದರು. ಎಡಗಿವಿಗೂ ಒಳಹೊರಗೆ ಹಾಕಿದರು. ಆದರೆ ಕೂದಲಿನ ಕಡೆಯಿಂದ ಹಾಕಿದ ಉಪ್ಪು ಒಳಗೆ ಇಳಿಯುವುದಿಲ್ಲ.

ಉಪ್ಪು ಹಾಕಿದ ಚರ್ಮವನ್ನು ಇಳಿಜಾರಿನಲ್ಲಿಡಬೇಕು, ನೀರು ಸೋರಿ ಹೋಗಲೇಬೇಕು. ಇಲ್ಲಿ ಹಗ್ಗದ ಮಂಚದ ಒಂದು ಕಡೆಗೆ ಇಟ್ಟಿಗೆ ಕೊಟ್ಟು ಎತ್ತಿ, ಇರುವೆ ಹತ್ತದಂತೆ ನಾಲ್ಕೂ ಕಾಲನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದ್ದರು. ನಾಯಿಗೆ ಹೆದರಿ ಮಂಚವನ್ನು ಕೋಣೆಯೊಳಗೆ ಹಾಕಿದ್ದೂ ಸರಿಯೇ. 24 ಗಂಟೆ ಕಳೆದು ಒದ್ದೆ ಉಪ್ಪನ್ನೆಲ್ಲ ಕೊಡವಿ ಚೆಲ್ಲಿ, ಹೊಸದಾಗಿ 3 ಕಿಲೋ ಹಾಕಿದರು. ಚೆಲ್ಲಿದ ಉಪ್ಪನ್ನು ಒಣಗಿಸಿ ಮತ್ತೆ ಬಳಸುವ ಉಳಿತಾಯ ಬೇಡ. ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು, ಚರ್ಮದ ಮೇಲೆ ಕೆಂಪು ಕಲೆ ಏಳುತ್ತದೆ. ಇನ್ನೊಂದು ದಿನ ಬಿಟ್ಟು ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಿದರು. ಬಿಸಿಲಿಗೆ ಹಾಕಿದರೆ ಮೇಲ್ಮೈ ಗರಿಗಟ್ಟಿ ಒಳಗೆ ಹಸಿಯಾಗಿಯೇ ಕೊಳೆಯುತ್ತದೆ, ಉಳಿದ ಕೊಬ್ಬು ಕರಗಿ ಚರ್ಮವನ್ನು ಸುಡುತ್ತದೆ. ಪೂರ್ತಿ ಗರಿಯಾಗುವ ಮುಂಚೆ ಮಡಚಿ ಗೋಣಿಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ನಡುವೆ ಒಂದು ಸಲಹೆ ಬಂದಿತ್ತು: ಉಪ್ಪು ಹಾಕಿದ ಚರ್ಮವನ್ನು ದಾವಣಗೆರೆಗೆ ಒಯ್ದು ಮೀನಿನ ಅಂಗಡಿಯ ಡೀಪ್ ಫ್ರೀಜರಿನಲ್ಲಿಡೋಣ ಎಂದು. ಒಪ್ಪದಿದ್ದದ್ದು ಒಳ್ಳೆಯದಾಯಿತು. ಉಪ್ಪುನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ಉಪ್ಪು ಹಾಕಿ ಫ್ರೀಜ್ ಮಾಡಿದ ಚರ್ಮದಲ್ಲಿ ಎರಡೂ ಕೆಲಸ ಅರ್ಧಂಬರ್ಧ. ಫ್ರೀಜರ್ ಸಿಗುವುದಾದರೆ ಉಪ್ಪಿಲ್ಲದೆ, ಸುಲಿದ ಕೂಡಲೇ, ಮೊದಲು ಹರವಿ ತಣ್ಣಗೆ ಮಾಡಿ ಆಮೇಲೆ ಮಡಚಿ ಇಡಬೇಕು. ಬೆಚ್ಚಗಿರುವಾಗಲೇ ಉಂಡೆ ಸುತ್ತಿ ಇಟ್ಟರೆ ನಡುಭಾಗಕ್ಕೆ ತಣ್ಣಗೆ ಮುಟ್ಟಲು ದಿನವೇ ಬೇಕು. ಈ ಪ್ರಕರಣದಲ್ಲಿ 8 ಗಂಟೆಗೇ ತಲೆಯನ್ನು ಸುಲಿಯದೆ ಹಾಗೇ ಫ್ರೀಜರಿಗೆ ಕಳಿಸಿ, ಮುಖದ ಕೆಲಸವನ್ನು ಬಲ್ಲವರಿಗೆ ಬಿಟ್ಟಿದ್ದರೆ ಎಡಗಿವಿ ಇಂದು ಗೋಡೆಯ ಮೇಲಿರುತ್ತಿತ್ತು. ಅದೇ ಸರಿಯಾದ ದಾರಿಯಾಗಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬುರುಡೆಯ ಕೆಲಸ ಬೇಗ ಮುಗಿಯಿತು. ಮಾಂಸ ಕೆರೆದು, ಬುರುಡೆಯ ಹಿಂದಿನ ತೂತಿನಿಂದ ಮಡಚಿದ ತಂತಿ ಹಾಕಿ ಕಲಕಿ, ನೀರು ಬಿಟ್ಟು ಮಿದುಳು ತೊಳೆದರು. ಕೊಂಬು ನೀರಿನಿಂದ ಹೊರಗಿರುವಂತೆ ಬುರುಡೆಯನ್ನಷ್ಟೇ ಸಣ್ಣ ಕುದಿಯಲ್ಲಿ ಬೇಯಿಸಿದರು. ಕೊಂಬು ಮುಳುಗಿದರೆ ಬಣ್ಣ ಕೆಟ್ಟು ಪದರ ಏಳುತ್ತದೆ. ಕುದಿದ ಮೇಲೆ ಕೊಂಬಿನ ಚಿಪ್ಪು ಒಳಗಿನ ಮೂಳೆಯಿಂದ ತಿರುಚಿದರೆ ಕಳಚಿ ಬರುತ್ತದೆ. ಒಳಗೆ ಒಣಗಿಸಿ, ಆ ಮೂಳೆಗೆ ಅಂಗಡಿಯ ಬಿಳಿಗಾರದ ಪುಡಿ ಉದುರಿಸಿದರು.

ಆರನೆಯ ದಿನ ಚರ್ಮ ಟ್ಯಾಕ್ಸಿಡರ್ಮಿ ಮಾಡುವವರ ಕೈ ಸೇರಿತು. ನೋಡಲು ಎಲ್ಲ ಚೆನ್ನಾಗಿತ್ತು. ಕೆಟ್ಟ ಚರ್ಮ ಒಣಗಿರುವಾಗ ಗುಟ್ಟು ಬಿಡುವುದಿಲ್ಲ. ಉಪ್ಪುನೀರಿನಲ್ಲಿ ನೆನೆದು ಮೆತ್ತಗಾದ ಮೇಲೆ ಪರೀಕ್ಷೆ: ಕೂದಲಿನ ಚಿಟಿಕೆ ಹಿಡಿದು ಮೆಲ್ಲಗೆ ಎಳೆಯುವುದು. ಬಲಗಿವಿಯಲ್ಲಿ ಬೆರಳು ಜಾರಿತು, ಕೂದಲು ಬರಲಿಲ್ಲ. ಎಡಗಿವಿಯಲ್ಲಿ ಚಿಟಿಕೆಗೆ ಚಿಟಿಕೆಯೇ ಬಂತು. ಬುಡದಲ್ಲಿ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಕಪ್ಪು ಪೊರೆ ಅಂಟಿಕೊಂಡಿತ್ತು, ಕೆಳಗೆ ಮಸುಕು ಬಿಳಿಯ ಚರ್ಮ ನುಣ್ಣಗೆ ಕಂಡಿತು. ಪೊರೆ ಸಮೇತ ಬಂದ ಕೂದಲು ಮರಳಿ ನಿಲ್ಲುವುದಿಲ್ಲ. ಬರೀ ಕೂದಲು ತುಂಡಾಗಿ ಬಂದರೆ ಅದು ಉಜ್ಜಿದ ಪೆಟ್ಟು, ಅದಕ್ಕೆ ಹೆದರಬೇಕಿಲ್ಲ. ಎಡಗೆನ್ನೆಯಲ್ಲಿ 5 ಸೆಂಟಿಮೀಟರ್ ಅಗಲ, 7 ಉದ್ದದ ಜಾಗ ಹೀಗೆಯೇ ಬಿಟ್ಟಿತು.

ಕೆನ್ನೆಗೆ, ಭುಜದ ಹಿಂದೆ ಹೆಚ್ಚಾಗಿ ಬಿಟ್ಟಿದ್ದ ಚರ್ಮದಿಂದ ಕೂದಲಿನ ಒಲವು ನೋಡಿ ತುಂಡು ಕತ್ತರಿಸಿ ಕೂಡಿಸಿದರು. ಉಣ್ಣೆಯನ್ನು ಮುಖದ ಕೂದಲಿನಷ್ಟು ಗಿಡ್ಡ ಮಾಡಿದರೂ ಹೊಳಪು ಬೇರೆ, ಹತ್ತಿರದಿಂದ ಗೊತ್ತಾಗುತ್ತದೆ. ಎಡಗಿವಿಗೆ ಮುಂಗಾಲಿನ ಒಳಬದಿಯ ನಯ ಕೂದಲಿನ ಚರ್ಮವನ್ನು ಅಂಟಿಸಿ ಹೊಸ ಕಿವಿಯನ್ನೇ ಕಟ್ಟಿದರು. ಅದು ಬಲಗಿವಿಗಿಂತ ಒಂದು ಎಳೆ ದಪ್ಪ.

ತಲೆ ಈಗ ನಡುಮನೆಯಲ್ಲಿದೆ, ಒಲೆಯ ಹೊಗೆ ತಾಗದ ಗೋಡೆಯ ಮೇಲೆ, ಎಡಮಗ್ಗುಲು ಕಿಟಕಿಯ ಕಡೆಗಿರದಂತೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕೊಂಬಿನ ಬುಡ, ಕಿವಿಯ ಒಳಗು, ಹಿಂದಿನ ಹಲಗೆಯ ಸಂದಿಯನ್ನು ಟಾರ್ಚು ಹಿಡಿದು ನೋಡಬೇಕು. ಅಲ್ಲಿ ಹೊಟ್ಟಿನಂಥ ಪುಡಿ ಅಥವಾ ಕಂದು ಪೊರೆ ಉದುರಿದ್ದರೆ ಚರ್ಮ ತಿನ್ನುವ ಹುಳ ಹೊಕ್ಕಿದೆ. ಆಗ ಇಡೀ ತಲೆಯನ್ನು ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಎರಡು ವಾರ ಡೀಪ್ ಫ್ರೀಜರಿನಲ್ಲಿಟ್ಟು ತೆಗೆಯಬೇಕು.